ಕರಾವಳಿಯ ಅಡುಗೆಮನೆಗೆ ಯಾವ ಕಪಾಟು? ಮೊದಲು ಗೋಡೆಯನ್ನು ನೋಡಿ

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ, ಹೊಳೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ 1991ರಲ್ಲಿ ಕಟ್ಟಿದ ಮುರಕಲ್ಲಿನ ಮನೆ. ಅಡುಗೆಮನೆ ಹತ್ತು ಅಡಿಗೆ ಒಂಬತ್ತು ಅಡಿ. ಗ್ರಾನೈಟ್ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಗೂಡುಗಳಿವೆ, ಅವಕ್ಕೆ ಸಾಗುವಾನಿಯ ಬಾಗಿಲುಗಳಿವೆ. ಏಳು ವರ್ಷಗಳ ಹಿಂದೆ ಸಿಂಕಿನ ಕೆಳಗೆ ಒಂದು ಪ್ಲೈವುಡ್ ಪೆಟ್ಟಿಗೆಯನ್ನೂ ಕಟ್ಟೆಯ ಮೇಲ್ಗಡೆ ಗೋಡೆಗೆ ಕಪಾಟುಗಳನ್ನೂ ಮಾಡಿಸಿದೆವು. ಈಗ ಸಿಂಕಿನ ಕೆಳಗಿನದು ಉಬ್ಬಿ ಪದರ ಬಿಟ್ಟಿದೆ. ಮೇಲಿನ ಕಪಾಟಿಗೆ ಒರಲೆ ಹಿಡಿದಿದೆ. ಎಲ್ಲವನ್ನೂ ತೆಗೆದು ಹೊಸದಾಗಿ ಮಾಡಿಸಬೇಕೆಂದಿದ್ದೇವೆ. ಆಚಾರಿಯವರು "ಮರೈನ್ ಪ್ಲೈ ಹಾಕಿದರೆ ನೀರೂ ತಾಗದು, ಒರಲೆಯೂ ಮುಟ್ಟದು" ಎನ್ನುತ್ತಾರೆ. ಉಡುಪಿಯ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಬೆರೆತ ಡಬ್ಲ್ಯುಪಿಸಿ ಹಲಗೆಯೇ ಸರಿ ಎಂದರು. ಮಗ ದುಬೈಯಿಂದ ಹೊಳೆಯುವ ಅಕ್ರಿಲಿಕ್ ಬಾಗಿಲುಗಳ ಚಿತ್ರ ಕಳಿಸಿದ್ದಾನೆ. ಯಜಮಾನರಿಗೆ ಅಸ್ತಮಾ ಇದೆ. ಕಳೆದ ಸಲ ಹೊಸ ಹಲಗೆಯ ವಾಸನೆಗೆ ಎರಡು ವಾರ ಒದ್ದಾಡಿದರು. ನಮ್ಮ ಕೈಯಲ್ಲಿರುವುದು ಮೂರು ಲಕ್ಷ ರೂಪಾಯಿ. ಯಾವುದನ್ನು ಆರಿಸಲಿ? ಹಳೆಯ ಕಡಪ ಕಲ್ಲನ್ನೂ ಸಾಗುವಾನಿ ಬಾಗಿಲನ್ನೂ ತೆಗೆಸಿಬಿಡಲೇ?

ಉತ್ತರ: ನೀವು ಕೇಳಿರುವುದು ಹಲಗೆಯ ಬಗ್ಗೆ. ಆದರೆ ನಿಮ್ಮ ಪತ್ರವನ್ನು ಓದುವಾಗ ನನ್ನ ಕಣ್ಣು ನಿಂತದ್ದು ಬೇರೆಡೆ. ಮೂವತ್ತು ವರ್ಷ ದಾಟಿದ ಕಡಪ ಕಲ್ಲಿನ ಬಗ್ಗೆ, ಸಾಗುವಾನಿ ಬಾಗಿಲುಗಳ ಬಗ್ಗೆ ನಿಮ್ಮ ದೂರೇ ಇಲ್ಲ. ಏಳು ವರ್ಷದ ಪ್ಲೈವುಡ್ ಮಾತ್ರ ಹಾಳಾಗಿದೆ. ಅದೂ ಎರಡು ಕಡೆ ಎರಡು ಬೇರೆ ಕಾರಣಕ್ಕೆ: ಕೆಳಗೆ ನೀರು, ಮೇಲೆ ಒರಲೆ. ಈ ಎರಡೂ ಬಂದ ದಾರಿಯನ್ನು ಮುಚ್ಚದೆ ಎಷ್ಟೇ ದುಬಾರಿ ಹಲಗೆ ತಂದು ಕೂರಿಸಿದರೂ ಇನ್ನೊಂದು ಏಳೆಂಟು ವರ್ಷಕ್ಕೆ ಇದೇ ಪತ್ರವನ್ನು ಮತ್ತೆ ಬರೆಯಬೇಕಾಗುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದ ಅಡುಗೆಮನೆಗಳಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಮೇಲಿನ ಕಪಾಟಿನಿಂದ ಆರಂಭಿಸುತ್ತೇನೆ. ನೆಲದಿಂದ ನಾಲ್ಕೂವರೆ, ಐದು ಅಡಿ ಎತ್ತರದಲ್ಲಿರುವ ಪೆಟ್ಟಿಗೆಗೆ ಒರಲೆ ಹೇಗೆ ತಲುಪಿತು? ನಮ್ಮ ಕಡೆ ಮನೆಗಳನ್ನು ತಿನ್ನುವ ಒರಲೆಯ ಗೂಡು ಮಣ್ಣಿನಲ್ಲಿ ಇರುತ್ತದೆ. ಅದಕ್ಕೆ ತೇವ ಬೇಕು, ಕತ್ತಲೆ ಬೇಕು. ಮುರಕಲ್ಲಿನ ಗೋಡೆ ಇವೆರಡನ್ನೂ ಕೊಡುತ್ತದೆ. ಮುರಕಲ್ಲು ತೂತುತೂತಾದ ಕಲ್ಲು, ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಕಲ್ಲುಗಳ ನಡುವಿನ ಗಾರೆ ಎಲ್ಲೆಡೆ ತುಂಬಿರುವುದಿಲ್ಲ. ಒಳಗೆ ಸಂದುಗಳು ಉಳಿದಿರುತ್ತವೆ. ಒರಲೆ ಅಡಿಪಾಯದಿಂದ ಆ ಸಂದುಗಳಲ್ಲೇ ಏರಿ, ಕಪಾಟನ್ನು ಬಿಗಿಯಲು ಕೊರೆದ ತೂತಿನಿಂದ ಹೊರಗೆ ಬರುತ್ತದೆ. ಹೊರಗೆ ಮಣ್ಣಿನ ಗೆರೆ ಕಾಣಿಸುವುದೇ ಇಲ್ಲ. ಕಪಾಟಿನ ಹಿಂಬದಿಯ ತೆಳು ಹಲಗೆ ಗೋಡೆಗೆ ಅಂಟಿಕೊಂಡಿದ್ದರೆ ಊಟ ಅಲ್ಲಿಂದಲೇ ಶುರು. ಬಾಗಿಲು ತೆರೆದಾಗ ನಮಗೆ ಕಾಣುವ ಹೊತ್ತಿಗೆ ಹಿಂಬದಿ ಕಾಗದದಂತೆ ಆಗಿರುತ್ತದೆ.

ಒಂದು ಗೊಂದಲವನ್ನು ಮಾತ್ರ ಇಲ್ಲೇ ಬಿಡಿಸಿಬಿಡಿ. ಹಲಗೆಯಿಂದ ಗೋಧಿಹಿಟ್ಟಿನಂತಹ ನುಣುಪು ಪುಡಿ ಉದುರುತ್ತಿದ್ದು ಸೂಜಿಮೊನೆಯಂತಹ ದುಂಡು ತೂತುಗಳಿದ್ದರೆ ಅದು ಒರಲೆಯಲ್ಲ, ಮರ ಕೊರೆಯುವ ಹುಳು. ಅದು ಗೋಡೆಯಿಂದ ಬರುವುದಿಲ್ಲ. ಸಾಮಾನ್ಯವಾಗಿ ಸರಿಯಾಗಿ ಮದ್ದು ಕುಡಿಸದ ಹಲಗೆಯ ಜೊತೆಯಲ್ಲೇ ಮನೆಗೆ ಬಂದಿರುತ್ತದೆ. ಒರಲೆಯಾದರೆ ಒಳಗೆ ಮಣ್ಣು ಮೆತ್ತಿರುತ್ತದೆ. ಮದ್ದು ಹೊಡೆಯುವವರನ್ನು ಕರೆಸುವ ಮೊದಲು ಇದನ್ನು ನೋಡಿಕೊಳ್ಳಿ. ಎರಡಕ್ಕೂ ಚಿಕಿತ್ಸೆ ಬೇರೆ.

ಒರಲೆಯೇ ಆಗಿದ್ದರೆ, ಹಳೆಯ ಕಪಾಟು ತೆಗೆದ ದಿನದಿಂದ ಹೊಸದು ಬರುವ ದಿನದವರೆಗೆ ಸಿಗುವ ಬರಿಗೋಡೆಯ ಕೆಲವು ದಿನಗಳು ಬಹಳ ಅಮೂಲ್ಯ. ಕಟ್ಟಿರುವ ಮನೆಗೆ ಮದ್ದು ಹಾಕುವ ಕ್ರಮವನ್ನು ಐಎಸ್ 6313 ಎಂಬ ಭಾರತೀಯ ಮಾನಕದ ಮೂರನೆಯ ಭಾಗ ಹೇಳುತ್ತದೆ: ನೆಲ ಮತ್ತು ಗೋಡೆ ಕೂಡುವ ಮೂಲೆಯ ಉದ್ದಕ್ಕೂ ಸುಮಾರು 30 ಸೆಂಟಿಮೀಟರಿಗೆ ಒಂದರಂತೆ 12 ಮಿಲಿಮೀಟರ್ ತೂತು ಕೊರೆದು, ಮದ್ದನ್ನು ಒಳಕ್ಕೆ ಇಳಿಸಿ, ತೂತು ಮುಚ್ಚಬೇಕು. ಬರೀ ಪಂಪಿನಿಂದ ಗೋಡೆಯ ಮೇಲೆ ಸಿಂಪಡಿಸಿ ಹೋಗುವುದು ಚಿಕಿತ್ಸೆಯಲ್ಲ. ಮದ್ದು ಹಾಕುವ ದಿನಗಳಲ್ಲಿ ಯಜಮಾನರು ಮನೆಯಲ್ಲಿ ಇರದಂತೆ ನೋಡಿಕೊಳ್ಳಿ. ಬಾವಿ ಅಡುಗೆಮನೆಗೆ ಹತ್ತಿರವಿದ್ದರೆ ಮೊದಲೇ ಹೇಳಿ. ಬಾವಿಯ ಬದಿಯಲ್ಲಿ ಈ ಮದ್ದನ್ನು ಇಳಿಸಬಾರದು.

ಗೋಡೆಯಲ್ಲಿ ತೇವ ಇದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಟೈಲ್ಸ್ ಇಲ್ಲದ ಜಾಗದಲ್ಲಿ ಗೋಡೆಗೆ ನಾಲ್ಕೂ ಅಂಚಿನಲ್ಲಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಗೋಡೆಯ ಕಡೆ ಹನಿಗಟ್ಟಿದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆ ಹನಿಗಟ್ಟಿದರೆ ಅದು ಗಾಳಿಯ ತೇವ, ಗಾಳಿಯಾಡಿದರೆ ಹೋಗುತ್ತದೆ. ಗೋಡೆಯೊಳಗಿನದಾದರೆ ಹೊರಮೈಯ ಗಾರೆ, ಮಾಡಿನ ನೀರು ಬೀಳುವ ಜಾಗ, ಗೋಡೆಯ ಬುಡದಲ್ಲಿ ನೀರು ನಿಲ್ಲುವುದು, ಸಿಂಕಿನ ಕೊಳವೆ ಇವುಗಳಲ್ಲಿ ಯಾವುದು ಕಾರಣ ಎಂದು ಹುಡುಕಿ ಸರಿಪಡಿಸಿ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಾದರೆ ಇನ್ನೂ ಎಚ್ಚರ ಬೇಕು.

ಈಗ ಆಚಾರಿಯವರ ಮಾತಿಗೆ ಬರೋಣ. ಮರೈನ್ ಪ್ಲೈ ಎಂದು ನಾವು ಕರೆಯುವುದು ಐಎಸ್ 710ರ ಪ್ರಕಾರ ತಯಾರಾದ ಹಲಗೆಯನ್ನು. ಅದರ ಅಂಟು ಫಿನಾಲಿಕ್ ಅಂಟು. 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರಗಳು ಬಿಡಬಾರದು ಎಂಬುದು ಪರೀಕ್ಷೆ. ಇಲ್ಲಿ ಜನ ತಪ್ಪಿ ತಿಳಿಯುವುದು ಏನೆಂದರೆ, ನೀರಿಗೆ ಜಗ್ಗದಿರುವುದು ಅಂಟು, ಮರವಲ್ಲ. ಮರದ ಪದರ ನೀರು ಕುಡಿದೇ ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ, ವರ್ಷಗಟ್ಟಲೆ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಒರಲೆಯ ವಿಷಯವೂ ಹಾಗೆಯೇ. ಈ ದರ್ಜೆಯ ಹಲಗೆಗೆ ಮದ್ದು ಕುಡಿಸಿರಬೇಕು ಎಂಬ ನಿಯಮವಿದೆ, ಸರಿಯಾಗಿ ಕುಡಿಸಿದ್ದರೆ ಒರಲೆ ಬೇಗ ಹತ್ತುವುದಿಲ್ಲ. ಆದರೆ "ಮುಟ್ಟದು" ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಗೋಡೆಯಲ್ಲಿ ಒರಲೆಯ ದಾರಿ ತೆರೆದಿದ್ದರೆ ಒಳ್ಳೆಯ ಹಲಗೆಯನ್ನೂ ತಿಂದದ್ದನ್ನು ನೋಡಿದ್ದೇನೆ.

ಇನ್ನು ಹೆಸರಿನ ಮೋಸ. "710" ಎಂಬ ಅಂಕಿಯನ್ನು ಅಚ್ಚು ಹಾಕುವುದು ಕಷ್ಟವಲ್ಲ. ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆಯನ್ನು ಕೊಟ್ಟರೆ ಯಾವ ಕಾರ್ಖಾನೆಗೆ, ಯಾವ ಮಾನಕಕ್ಕೆ ಪರವಾನಗಿ ಇದೆ ಎಂದು ತೋರಿಸುತ್ತದೆ. 303 ಎಂದು ಬಂದರೆ ಅದು ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲಿ ಎಂಆರ್ (ಗಾಳಿಯ ತೇವವನ್ನಷ್ಟೇ ತಡೆಯುವ) ದರ್ಜೆ ಕೋಣೆಯ ಬೀರುವಿಗೆ ಸರಿ, ಅಡುಗೆಮನೆಗೆ ಬೇಡ. ಕೆಂಪು ಬಣ್ಣ ನೋಡಿ "ಗರ್ಜನ್ ಮರದ್ದು, ಗಟ್ಟಿ" ಎಂದರೆ ನಂಬಬೇಡಿ, ಬಣ್ಣ ಬಳಿಯುವವರಿದ್ದಾರೆ. ಅನುಮಾನವಿದ್ದರೆ ಎರಡಿಂಚಿನ ತುಂಡನ್ನು ಕೇಳಿ ಪಡೆದು, ಹಳೆಯ ಪಾತ್ರೆಯಲ್ಲಿ ಏಳೆಂಟು ಗಂಟೆ ಕುದಿಸಿ. ಎಂಆರ್ ದರ್ಜೆಯ ಅಂಟು ಅಷ್ಟರೊಳಗೆ ಬಾಯಿ ಬಿಡುತ್ತದೆ. ಹದಿನೈದು ವರ್ಷ ಬಾಳಬೇಕಾದ ಕೆಲಸಕ್ಕೆ ಒಂದು ದಿನದ ಗ್ಯಾಸ್ ಖರ್ಚು ದೊಡ್ಡದಲ್ಲ.

ಸಿಂಕಿನ ಕೆಳಗೆ ಆದದ್ದು ಏನು ಎಂಬುದನ್ನು ಊಹಿಸಬಲ್ಲೆ. ಪೆಟ್ಟಿಗೆ ನೇರ ನೆಲದ ಮೇಲೆ ಕೂತಿತ್ತು, ಅಲ್ಲವೇ? ನಮ್ಮಲ್ಲಿ ಅಡುಗೆಮನೆಯ ನೆಲಕ್ಕೆ ನೀರು ಹೊಯ್ದು ತೊಳೆಯುತ್ತೇವೆ. ಹಲಗೆಯ ಕತ್ತರಿಸಿದ ಅಂಚು ಆ ನೀರನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ. ಹೊರಗೆ ಮೈಕಾ ಅಂಟಿಸಿ ಅಂದ ಮಾಡಿರುತ್ತಾರೆ, ಕೆಳಗಿನ ಅಂಚಿಗೂ ಕೊಳವೆ ಹಾಯಿಸಲು ಕೊರೆದ ತೂತಿನ ಒಳಮೈಗೂ ಏನನ್ನೂ ಹಚ್ಚಿರುವುದಿಲ್ಲ. ಪ್ಲೈವುಡ್ ಸಾಯುವುದು ಯಾವಾಗಲೂ ಅಂಚಿನಿಂದ. ಆದ್ದರಿಂದ ಹೊಸ ಕೆಲಸದಲ್ಲಿ ಪ್ರತಿ ತುಂಡಿನ ನಾಲ್ಕೂ ಅಂಚಿಗೆ, ಕಣ್ಣಿಗೆ ಕಾಣದ ಅಂಚಿಗೂ, ಯಂತ್ರದಲ್ಲಿ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿಸಬೇಕು. ಆಚಾರಿಯವರು ಮನೆಯಲ್ಲೇ ಮಾಡುವುದಾದರೆ ಮುಚ್ಚುವ ಮೊದಲು ಅಂಚಿಗೆ ಎಪಾಕ್ಸಿ ಅಥವಾ ಎರಡು ಕೈ ಒಳ್ಳೆಯ ಪ್ರೈಮರ್ ಹಚ್ಚಲಿ. ಪೆಟ್ಟಿಗೆಗಳು ನಾಲ್ಕಿಂಚಿನ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಲಿ, ಎದುರಿಗೆ ಬೇಕೆಂದಾಗ ಬಿಚ್ಚಬಹುದಾದ ಅಲ್ಯುಮಿನಿಯಂ ಅಥವಾ ಪಿವಿಸಿ ಸ್ಕರ್ಟಿಂಗ್ (ಬುಡ ಮುಚ್ಚುವ ಪಟ್ಟಿ) ಇರಲಿ.

ಇನ್ನೊಂದು ಸಣ್ಣ ವಿವರ. ಇದನ್ನು ಬಿಟ್ಟ ಅಡುಗೆಮನೆಗಳೇ ಹೆಚ್ಚು. ಗ್ರಾನೈಟಿನ ಮುಂಚಾಚು ಬಾಗಿಲಿಗಿಂತ ಕನಿಷ್ಠ ಒಂದಿಂಚು ಮುಂದಿರಬೇಕು. ಅದರ ಅಡಿಯಲ್ಲಿ ಉದ್ದಕ್ಕೂ ಕಾಲುವೆಯಂತಹ ಒಂದು ತೆಳುವಾದ ಗೀರು ಕೊರೆಸಬೇಕು. ಪಾತ್ರೆ ತೊಳೆಯುವಾಗ ಕಟ್ಟೆಯಿಂದ ಇಳಿದ ನೀರು ಕಲ್ಲಿನ ಅಡಿಗೆ ಹರಿದು ಬಾಗಿಲಿನ ಮೇಲಂಚಿಗೆ ಬರುವ ಬದಲು ಆ ಗೀರಿನಲ್ಲಿ ಕಡಿದು ನೆಲಕ್ಕೆ ಬೀಳುತ್ತದೆ. ಕಲ್ಲು ಕೊರೆಯುವವರಿಗೆ ಇದು ಅರ್ಧ ಗಂಟೆಯ ಕೆಲಸ.

ಬೇರೆ ಹಲಗೆಗಳ ಬಗ್ಗೆ ಹೇಳುತ್ತೇನೆ. ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳ ಹಲಗೆ) ಮತ್ತು ಸಾದಾ ಎಂಡಿಎಫ್ (ಮರದ ನಾರಿನ ಹಲಗೆ) ನಿಮ್ಮ ಮನೆಗೆ ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಅವು ಮತ್ತೆ ಇಳಿಯುವುದಿಲ್ಲ. ಎಚ್‌ಡಿಎಚ್‌ಎಂಆರ್ ಎಂದು ಮಾರುವ ದಟ್ಟ ನಾರಿನ ಹಲಗೆ ಅವೆರಡಕ್ಕಿಂತ ಎಷ್ಟೋ ಮೇಲು. ಮೈ ನುಣುಪು, ಬಾಗಿಲುಗಳಿಗೆ ಚೆನ್ನ. ಆದರೆ ಅದು ತೇವದ ಗಾಳಿಯನ್ನು ತಡೆಯಬಲ್ಲದು, ನಿಂತ ನೀರನ್ನಲ್ಲ. ತೂಕವೂ ಹೆಚ್ಚು. ಡಬ್ಲ್ಯುಪಿಸಿ ಅಥವಾ ಪಿವಿಸಿ ಹಲಗೆಗೆ ನೀರಿನ ಭಯವಿಲ್ಲ, ಒರಲೆಗೂ ಅದು ರುಚಿಸದು. ಅಂಗಡಿಯವರು ಅಷ್ಟನ್ನು ಹೇಳಿದ್ದು ನಿಜ. ಹೇಳದೆ ಬಿಟ್ಟದ್ದು ಇದು: ಸ್ಕ್ರೂ ಹಿಡಿಯುವ ಶಕ್ತಿ ಪ್ಲೈವುಡ್ಡಿನಷ್ಟಿಲ್ಲ, ಉದ್ದದ ಅಡ್ಡಹಲಗೆಗೆ ಭಾರ ಬಿದ್ದರೆ ಕಾಲಕ್ರಮೇಣ ಬಾಗುತ್ತದೆ, ಒಲೆಯ ಬದಿಯ ಬಿಸಿಗೆ ಮೆತ್ತಗಾಗುತ್ತದೆ. ಅಕ್ಕಿ ಡಬ್ಬಿಯ ಡ್ರಾಯರನ್ನು ಅದಕ್ಕೆ ಬಿಗಿದರೆ ಎರಡು ವರ್ಷದಲ್ಲಿ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಸಡಿಲವಾಗುವುದನ್ನು ಕಂಡಿದ್ದೇನೆ. ಸಿಂಕಿನ ಕೆಳಗೆ ಮಾತ್ರ, ಮೂರಡಿಯೊಳಗಿನ ಅಗಲಕ್ಕೆ, ನಾನು ಸಂತೋಷದಿಂದ ಅದನ್ನೇ ಹಾಕಿಸುತ್ತೇನೆ.

ಅಲ್ಯುಮಿನಿಯಂ ಚೌಕಟ್ಟಿನ ಕಪಾಟು ಕರಾವಳಿಗೆ ಒಗ್ಗಿದ ಸರಕು. ಸದ್ದು ಸ್ವಲ್ಪ ಹೆಚ್ಚು, ನೋಟ ಸಪ್ಪೆ ಎನ್ನುವವರಿದ್ದಾರೆ, ಬಾಳಿಕೆಯಲ್ಲಿ ಕೊರತೆಯಿಲ್ಲ. ಸ್ಟೀಲ್ ಕಪಾಟು ನಿಮ್ಮ ಮೂರು ಲಕ್ಷದಲ್ಲಿ ಹಿಡಿಸುವುದು ಕಷ್ಟ. ಹಾಗೂ ಕೊಳ್ಳುವುದಾದರೆ 304 ದರ್ಜೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅಗ್ಗದ 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಉಪ್ಪುಗಾಳಿಗೆ ಅದು ಬೇಗ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಹೊಳೆಬದಿಯ ನಿಮ್ಮ ಮನೆಯಲ್ಲಿ ಹಿಂಜ್‌ಗಳಿಗೂ ಇದೇ ಮಾತು. ಹಲಗೆಯಲ್ಲಿ ಉಳಿಸಿ ಹಿಂಜ್‌ಗೆ ಕೊಡಿ ಎಂದು ಹೇಳಬೇಕಾದ ಊರು ಇದು. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಿನ ಹಿಂಜ್ ತುಕ್ಕು ಹಿಡಿದರೆ ಹಲಗೆ ಎಷ್ಟು ಒಳ್ಳೆಯದಿದ್ದರೂ ಬಾಗಿಲು ಜೋತು ಬೀಳುತ್ತದೆ.

ಹೀಗಿರುವಾಗ ನಾನಾದರೆ ಏನು ಮಾಡುತ್ತೇನೆ? ಕಡಪ ಕಲ್ಲನ್ನು ಮುಟ್ಟುವುದಿಲ್ಲ. ಅದಕ್ಕೆ ನೀರಿಲ್ಲ, ಒರಲೆಯಿಲ್ಲ, ವಾಸನೆಯಿಲ್ಲ. ಸಂದುಗಳಲ್ಲಿ ಜಿರಳೆ ಸೇರುತ್ತದೆ ಎಂಬುದು ನಿಜ. ಕೆರೆದು ತೆಗೆದು ಎಪಾಕ್ಸಿ ಗಾರೆ ತುಂಬಿಸಿದರೆ ಆ ತೊಂದರೆ ತೀರುತ್ತದೆ. ಸಾಗುವಾನಿ ಬಾಗಿಲುಗಳನ್ನು ಬಿಚ್ಚಿ, ಉಜ್ಜಿಸಿ, ಹೊಸ ಪಾಲಿಶ್ ಮಾಡಿಸಿ, ಹೊಸ ಹಿಂಜ್ ಹಾಕಿ ಮತ್ತೆ ಕೂರಿಸುತ್ತೇನೆ. ತಿರುಳು ಸಾಗುವಾನಿಯಲ್ಲಿ ಒರಲೆಗೆ ಒಗ್ಗದ ಎಣ್ಣೆಯ ಅಂಶವಿರುತ್ತದೆ, ಅದಕ್ಕೇ ಅವು ಉಳಿದಿವೆ. ಅಂಚಿನಲ್ಲಿ ಬಿಳಿಮರ (ತಿರುಳಿನ ಸುತ್ತಲಿನ ತಿಳಿಬಣ್ಣದ ಮರ) ಇರುವ ಬಾಗಿಲೇನಾದರೂ ಇದ್ದರೆ ಅದನ್ನು ಬೇರೆ ಮಾಡಿ ನೋಡಿ, ಬಿಳಿಮರಕ್ಕೆ ಆ ರಕ್ಷಣೆಯಿಲ್ಲ. ಕಲ್ಲಿನ ಗೂಡುಗಳಲ್ಲಿ ಒಂದೆರಡನ್ನು ಮಾತ್ರ ಡ್ರಾಯರ್‌ಗಳಿಗೆ ಬದಲಿಸುತ್ತೇನೆ, ಏಕೆಂದರೆ ಬಗ್ಗಿ ಹಿಂದಿನ ಡಬ್ಬಿ ಎಳೆಯುವ ಕಷ್ಟ ನಿಮಗೆ ಇನ್ನು ಮುಂದೆ ಬೇಡ. ಕಲ್ಲಿನ ಗೂಡು ಅಳತೆಗೆ ಸರಿಯಾಗಿ ಚೌಕವಾಗಿರುವುದಿಲ್ಲ. ಚಾನೆಲನ್ನು ನೇರ ಕಲ್ಲಿಗೆ ಬಿಗಿದರೆ ಡ್ರಾಯರ್ ಸಿಕ್ಕಿಕೊಳ್ಳುತ್ತದೆ. ಒಳಗೆ 710 ಪ್ಲೈವುಡ್ಡಿನ ಪ್ರತ್ಯೇಕ ಪೆಟ್ಟಿಗೆ ಮಾಡಿ ಗೂಡಿಗೆ ತೂರಿಸಿ, ಸುತ್ತ ಅರ್ಧ ಇಂಚು ಗಾಳಿ ಬಿಡಬೇಕು. ಸಿಂಕಿನ ಕೆಳಗೆ ಡಬ್ಲ್ಯುಪಿಸಿ ಅಥವಾ ಅಲ್ಯುಮಿನಿಯಂ, ಹಿಂಬದಿ ಹಲಗೆ ಇಲ್ಲದೆ. ಕೊಳವೆಯ ಸೋರಿಕೆ ಕಣ್ಣಿಗೆ ಬೀಳುವಂತಿರಲಿ.

ಮೇಲಿನ ಕಪಾಟು ನಿಮಗೆ ಎಷ್ಟು ಬೇಕು ಎಂದು ಇನ್ನೊಮ್ಮೆ ಯೋಚಿಸಿ. ಮುರಕಲ್ಲು ಮೆತ್ತಗಿನ ಕಲ್ಲು, ಸಣ್ಣ ಪ್ಲಾಸ್ಟಿಕ್ ಬೆಣೆಗೆ ಬಿಗಿದ ಸ್ಕ್ರೂ ಅದರಲ್ಲಿ ವರ್ಷ ಕಳೆದಂತೆ ಸಡಿಲವಾಗುತ್ತದೆ. ಬಹಳ ವರ್ಷಗಳ ಹಿಂದೆ ನಾನೇ ಮಾಡಿಸಿದ ಒಂದು ಮೇಲಿನ ಕಪಾಟು, ಸ್ಟೀಲ್ ಪಾತ್ರೆಗಳ ಸಮೇತ ರಾತ್ರಿ ಕಳಚಿ ಬಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಮುರಕಲ್ಲಿನ ಗೋಡೆಗೆ ಉದ್ದನೆಯ ಲೋಹದ ಪಟ್ಟಿಯನ್ನು ಅಡ್ಡವಾಗಿ, ರಾಸಾಯನಿಕ ಅಂಟು ತುಂಬಿದ ಆಳದ ಬೋಲ್ಟುಗಳಿಂದ ಬಿಗಿದು, ಅದರ ಮೇಲೆ ಪೆಟ್ಟಿಗೆ ತೂಗು ಹಾಕುವುದನ್ನು ಬಿಟ್ಟು ಬೇರೆ ರೀತಿಗೆ ಒಪ್ಪುವುದಿಲ್ಲ. ಕಾಂಕ್ರೀಟಿನ ಅಟ್ಟವಿದ್ದರೆ ಅದರಿಂದಲೂ ಹಿಡಿತ ಕೊಡಿ. ಪೆಟ್ಟಿಗೆಯ ಬೆನ್ನು ಮತ್ತು ಗೋಡೆಯ ನಡುವೆ ಬೆರಳು ಹೋಗುವಷ್ಟು ಜಾಗ ಇರಲಿ, ತೂತುಗಳ ಸುತ್ತ ಸಂದು ಉಳಿಯದಂತೆ ಮುಚ್ಚಿಸಿ. ಭಾರದ ಪಾತ್ರೆ, ಗ್ರೈಂಡರ್ ಎಲ್ಲ ಕೆಳಗೆ. ಮೇಲೆ ಗಾಜಿನ ಲೋಟ, ಮಸಾಲೆ, ಟೀಪುಡಿ ಇಷ್ಟೇ.

ಯಜಮಾನರ ಅಸ್ತಮಾದ ಬಗ್ಗೆ. ಹೊಸ ಹಲಗೆಯ ಆ ಕಟು ವಾಸನೆಯಲ್ಲಿ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಕಣ್ಣು, ಮೂಗು, ಶ್ವಾಸನಾಳಗಳನ್ನು ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಪ್ರಮಾಣವೇ ಮುಖ್ಯ. ಯೂರಿಯಾ ಅಂಟಿನ ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಎಂಆರ್ ಪ್ಲೈಗಳಿಗಿಂತ ಫಿನಾಲಿಕ್ ಅಂಟಿನ 710 ಹಲಗೆ ತೀರ ಕಡಿಮೆ ಹೊರಸೂಸುತ್ತದೆ. ಹಲಗೆಯ ವಿವರದಲ್ಲಿ ಇ1 ಅಥವಾ ಇ0 (ಫಾರ್ಮಾಲ್ಡಿಹೈಡ್ ಕಡಿಮೆ ಹೊರಸೂಸುವ ದರ್ಜೆಗಳು) ಎಂದಿದೆಯೇ ಕೇಳಿ. ಅಂಚುಗಳನ್ನೆಲ್ಲ ಮುಚ್ಚುವುದು ಇಲ್ಲಿಯೂ ಉಪಕಾರಕ್ಕೆ ಬರುತ್ತದೆ, ಏಕೆಂದರೆ ವಾಸನೆ ಹೊರಬರುವುದೂ ಬಿಚ್ಚಂಚಿನಿಂದಲೇ. ಹಲಗೆ ಕತ್ತರಿಸುವ, ಅಂಟಿಸುವ ಕೆಲಸವೆಲ್ಲ ಮನೆಯ ಹೊರಗೆ ಅಥವಾ ಕಾರ್ಖಾನೆಯಲ್ಲಿ ಆಗಲಿ. ಜೋಡಿಸಿದ ಮೇಲೆ ಹತ್ತು ಹದಿನೈದು ದಿನ ಬಾಗಿಲು, ಡ್ರಾಯರ್ ತೆರೆದಿಟ್ಟು ಗಾಳಿಯಾಡಲು ಬಿಡಿ. ಕಲ್ಲನ್ನೂ ಹಳೆಯ ಬಾಗಿಲುಗಳನ್ನೂ ಉಳಿಸಿಕೊಂಡರೆ ಹೊಸ ಹಲಗೆಯ ಪ್ರಮಾಣವೇ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅವರಿಗಾಗಿಯಾದರೂ ಆ ದಾರಿ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ.

ಮಗ ಕಳಿಸಿದ ಅಕ್ರಿಲಿಕ್ ಬಾಗಿಲು ನೋಡಲು ಚೆಂದ. ಗೀರು ಬೇಗ ಬೀಳುತ್ತದೆ, ಎಣ್ಣೆಯ ಬೆರಳಚ್ಚು ಎದ್ದು ಕಾಣುತ್ತದೆ. ಮೇಲಿನ ಎರಡು ಬಾಗಿಲಿಗೆ ಅವನ ಇಷ್ಟದಂತೆ ಹಾಕಿಸಿ, ಒಲೆಯಿಂದ ದೂರವಿರಲಿ. ಉಳಿದ ಕಡೆ ಒಂದು ಮಿಲಿಮೀಟರಿನ ಮಂಕು ಮೈಕಾ ಸಾಕು.

ಗ್ಯಾಸ್ ಸಿಲಿಂಡರ್ ಕಟ್ಟೆಯ ಕೆಳಗೇ ಇರುವುದಾದರೆ ಒಂದು ಮಾತು ಮರೆಯಬೇಡಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಮಡುಗಟ್ಟುತ್ತದೆ. ಆ ಗೂಡಿನ ಬಾಗಿಲಿನ ಕೆಳಭಾಗದಲ್ಲಿ ನೆಲದ ಮಟ್ಟಕ್ಕೆ ಜಾಲರಿಯ ಕಿಂಡಿ ಇರಲೇಬೇಕು. ಸುತ್ತ ಮುಚ್ಚಿ, ಅಂದಕ್ಕೆಂದು ಕಿಂಡಿ ಬಿಡದ ಅಡುಗೆಮನೆಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ತುಂಬಿದ ಸಿಲಿಂಡರಿನ ತೂಕ ಸುಮಾರು 30 ಕಿಲೋ. ಅದನ್ನು ಹಲಗೆಯ ತಳದ ಮೇಲೆ ಇಡದೆ ಕಲ್ಲಿನ ನೆಲದ ಮೇಲೆಯೇ ನಿಲ್ಲಿಸಿ.

ಬೆಲೆ ಕೇಳುವಾಗ "ಚದರ ಅಡಿಗೆ ಎಷ್ಟು" ಎಂದಷ್ಟೇ ಕೇಳಿದರೆ ಇಬ್ಬರ ಲೆಕ್ಕ ಹೋಲಿಸಲು ಬರುವುದಿಲ್ಲ. ಒಬ್ಬರು ಎದುರಿನ ಬಾಗಿಲಿನ ಅಳತೆ ಹಿಡಿಯುತ್ತಾರೆ, ಇನ್ನೊಬ್ಬರು ಒಳಗಿನ ಹಲಗೆಯನ್ನೂ ಸೇರಿಸುತ್ತಾರೆ. ಡ್ರಾಯರಿನ ಟ್ಯಾಂಡಮ್ (ಜಾರುಹಳಿಯ ಜೋಡಣೆ), ಬುಟ್ಟಿ, ಹಿಡಿ, ಜಿಎಸ್‌ಟಿ ಎಲ್ಲ ಕೊನೆಗೆ ಬೇರೆಯಾಗಿ ಬರುತ್ತವೆ. ಪ್ರತಿ ಪೆಟ್ಟಿಗೆಯ ಹಲಗೆಯ ದರ್ಜೆ, ದಪ್ಪ, ಹಿಂಬದಿಯ ದಪ್ಪ, ಹಿಂಜ್ ಮತ್ತು ಚಾನೆಲಿನ ಮಾದರಿ, ಚಾನೆಲ್ ಹೊರುವ ಭಾರ ಇಷ್ಟನ್ನು ಸಾಲುಸಾಲಾಗಿ ಬರೆದುಕೊಡಲು ಹೇಳಿ. ಪಕ್ಕಹಲಗೆ 18 ಮಿಲಿಮೀಟರ್, ಬೆನ್ನು ಕನಿಷ್ಠ 6 ಮಿಲಿಮೀಟರ್. ಬರೆದುಕೊಡಲು ಹಿಂಜರಿಯುವವರಿಗೆ ಮುಂಗಡ ಕೊಡಬೇಡಿ.

ಕೆಲಸಕ್ಕೆ ಕೈ ಹಾಕುವುದು ಜನವರಿಯಿಂದ ಏಪ್ರಿಲ್ ಒಳಗೆ ಆಗಲಿ. ಮಳೆಗಾಲದಲ್ಲಿ ಹಲಗೆಯೇ ತೇವ ಕುಡಿದಿರುತ್ತದೆ, ಅದರ ಮೇಲೆ ಮೈಕಾ ಅಂಟಿಸಿದರೆ ಬೇಸಿಗೆಗೆ ಅಂಚು ಏಳುತ್ತದೆ. ಮೊದಲು ಕೊಳವೆ ಮತ್ತು ಹೊರಗೋಡೆ, ಆಮೇಲೆ ಒರಲೆಯ ಮದ್ದು, ಒಂದು ವಾರ ಬಿಟ್ಟು ಕಪಾಟು. ಮುಂದಿನ ಜೂನ್ ಕೊನೆಯಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ, ಸ್ಕರ್ಟಿಂಗ್ ತೆಗೆದು ಟಾರ್ಚ್ ಹಿಡಿದು ಗೋಡೆಯ ಬುಡವನ್ನೂ ಮೇಲಿನ ಕಪಾಟಿನ ಹಿಂದಿನ ಸಂದನ್ನೂ ಒಮ್ಮೆ ನೋಡಿ. ಮಣ್ಣಿನ ಗೆರೆ ಕಂಡರೆ ಕೆಡವಿಬಿಡಬೇಡಿ. ಹಾಗೇ ಬಿಟ್ಟು ಮದ್ದು ಹಾಕಿದವರನ್ನು ಕರೆಸಿ ತೋರಿಸಿ. ಅದು ಎಲ್ಲಿಂದ ಬಂದಿದೆ ಎಂದು ಅವರಿಗೆ ಆ ಗೆರೆಯಿಂದಲೇ ತಿಳಿಯುತ್ತದೆ.